ಹಳೆಯ ರೇಂಜ್‌ಫೈಂಡರ್ ಲೆನ್ಸ್ ಕೊಳ್ಳುವ ಮುಂಚೆ: ಜುಪಿಟರ್, ಇಂಡಸ್ಟಾರ್, ಕ್ಯಾನನ್, ಎಲ್ಮಾರ್

ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಡಿಜಿಟಲ್) ಕ್ಯಾಮೆರಾ ಕೈಗೆ ಬಂದು ಸ್ವಲ್ಪ ಕಾಲವಾದ ಮೇಲೆ ಹಲವರಿಗೆ ಹಳೆಯ ಲೆನ್ಸಿನ ಆಸೆ ಹುಟ್ಟುತ್ತದೆ. ಆಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸೋವಿಯತ್ ಜುಪಿಟರ್ ತಗೊಳ್ಳಲಾ, ಜಪಾನಿನ ಕ್ಯಾನನ್ ತಗೊಳ್ಳಲಾ, ಇನ್ನೊಂದಿಷ್ಟು ದುಡ್ಡು ಕೂಡಿಸಿ ಜರ್ಮನಿಯ ಲೈಕಾದ್ದೇ ತಗೊಳ್ಳಲಾ? ಫೋಟೋ ಹಾಕೋದು ಆನ್‌ಲೈನಿಗೆ ಅಷ್ಟೆ."

ಆ ಕೊನೆಯ ಮಾತೇ ಇಲ್ಲಿ ಮುಖ್ಯ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 6000 ಪಿಕ್ಸೆಲ್ ಅಗಲ ಇರುತ್ತದೆ. ಇನ್‌ಸ್ಟಾಗ್ರಾಮಿಗೆ ಹಾಕಿದರೆ ಅದು 1080ಕ್ಕೆ ಇಳಿಯುತ್ತದೆ. ಅಷ್ಟು ಕುಗ್ಗಿದ ಮೇಲೆ ಚಿತ್ರದ ಮೂಲೆ ಎಷ್ಟು ಶಾರ್ಪ್ ಇತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕಾಂಟ್ರಾಸ್ಟ್, ಬಣ್ಣ, ಹಿನ್ನೆಲೆ ಕರಗಿದ ರೀತಿ, ಎದುರು ಬೆಳಕಿಗೆ ಲೆನ್ಸ್ ಹೇಗೆ ನಡೆದುಕೊಂಡಿತು ಅನ್ನುವುದು. ಜೊತೆಗೆ, ಕಣ್ಣಿಗೆ ಫೋಕಸ್ ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನುವುದು. ಹಾಗಾಗಿ ಫೋನಿನ ಪರದೆಗೆ ಇಳಿದ ಮೇಲೂ ಉಳಿಯುವ ಗುಣಕ್ಕೆ ದುಡ್ಡು ಕೊಡಿ ಅನ್ನುವುದು ನನ್ನ ಸಲಹೆ. ಕೆಳಗಿನ ಹೋಲಿಕೆಯೆಲ್ಲ ಇದೇ ಲೆಕ್ಕದಲ್ಲಿದೆ.

ಯಾವ ಅಳತೆಯಲ್ಲಿ ತೂಗಬೇಕು

ಮೊದಲು ನಿಮ್ಮ ಕ್ಯಾಮೆರಾ ಯಾವುದು ನೋಡಿ. ರೇಂಜ್‌ಫೈಂಡರ್ ಅಂದರೆ ಲೆನ್ಸಿನ ಮೂಲಕ ನೋಡದೆ, ಬೇರೆ ಕಿಂಡಿಯಲ್ಲಿ ನೋಡಿ ಫೋಕಸ್ ಮಾಡುವ ಹಳೆಯ ಫಿಲ್ಮ್ ಕ್ಯಾಮೆರಾ. ಅದರಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಇಲ್ಲ. ಅದಕ್ಕೇ ಆ ಲೆನ್ಸುಗಳು ಫಿಲ್ಮಿಗೆ ಬಹಳ ಹತ್ತಿರ ಕೂರುತ್ತವೆ. ಲೆನ್ಸ್ ಕ್ಯಾಮೆರಾಗೆ ಕೂರುವ ಬಾಯಿಗೆ ಮೌಂಟ್ ಅನ್ನುತ್ತಾರೆ. ಲೈಕಾದ 39 ಎಂಎಂ ಸ್ಕ್ರೂ (ತಿರುಪು) ಮೌಂಟಿನಲ್ಲಿ ಮೌಂಟಿನಿಂದ ಫಿಲ್ಮಿಗೆ ಇರುವ ಅಂತರ 28.8 ಎಂಎಂ. 1954ರಲ್ಲಿ ಲೈಕಾ ಎಂ3 ಜೊತೆ ಬಂದ ಎಂ ಮೌಂಟಿನಲ್ಲಿ ಅದು 27.8. ಈಗಿನ ಸೋನಿ ಇ ಮೌಂಟಿನಲ್ಲಿ 18, ಫ್ಯೂಜಿ ಎಕ್ಸ್‌ನಲ್ಲಿ 17.7, ನಿಕಾನ್ ಝಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20. ಮಿಕ್ಕ ಜಾಗವನ್ನು ಒಂದು ಅಡಾಪ್ಟರ್ ತುಂಬುತ್ತದೆ, ಕೆಲಸ ಮುಗಿಯಿತು. ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದ್ದರೆ ಮಾತ್ರ ಈ ಆಸೆ ಬಿಡಬೇಕಾಗುತ್ತದೆ. ನಿಕಾನ್ ಎಫ್ ಮೌಂಟಿನ ಅಂತರ 46.5 ಎಂಎಂ. ಅಲ್ಲಿ ಈ ಲೆನ್ಸಿಗೆ ದೂರದ ವಸ್ತು ಫೋಕಸ್ಸೇ ಆಗುವುದಿಲ್ಲ.

ಸೆನ್ಸರ್ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಫುಲ್‌ಫ್ರೇಮಿನಲ್ಲಿ 50 ಎಂಎಂ ಅಂದರೆ 50 ಎಂಎಂ. ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದೇ ಲೆನ್ಸ್ 75 ಎಂಎಂನಷ್ಟು ಬಿಗಿಯಾಗಿ ಕಾಣುತ್ತದೆ. ಮುಖ ತೆಗೆಯುವುದಕ್ಕೆ ಚೆನ್ನ, ಇಕ್ಕಟ್ಟಾದ ಹೋಟೆಲಿನ ಒಳಗೆ ಕಷ್ಟ.

ಎರಡನೆಯದು ಬೆಳಕು. ಎಫ್ ಅಂಕಿ ಅಪರ್ಚರಿನದು, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯದು. ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಹಗಲಲ್ಲಿ ಬೀದಿ ಸುತ್ತುವವರಿಗೆ ಎಫ್ 2.8 ಸಾಕೋ ಸಾಕು. ರಾತ್ರಿ ಯಕ್ಷಗಾನ, ಮದುವೆ ಮನೆ, ರಥೋತ್ಸವದ ದೀಪ ಅನ್ನುವವರಿಗೆ ಎಫ್ 2ಕ್ಕಿಂತ ಕಡಿಮೆ ಬೆಳಕು ಕೊಡುವ ಲೆನ್ಸ್ ಬೇಡ.

ಮೂರನೆಯದು ಹತ್ತಿರದ ಫೋಕಸ್. ಇದನ್ನು ಅಂಗಡಿಯವರು ಹೇಳುವುದಿಲ್ಲ, ಕೊಂಡವರು ಮಾತ್ರ ಗೊಣಗುತ್ತಾರೆ. ಈ ಲೆನ್ಸುಗಳಲ್ಲಿ ಹೆಚ್ಚಿನವು ಒಂದು ಮೀಟರಿಗಿಂತ ಹತ್ತಿರಕ್ಕೆ ಬರುವುದಿಲ್ಲ. ಟೇಬಲ್ ಮೇಲಿನ ಕಾಫಿ ಲೋಟ ತೆಗೆಯಬೇಕೆಂದರೆ ಕುರ್ಚಿ ಹಿಂದೆ ಸರಿಸಬೇಕು.

ನಾಲ್ಕನೆಯದು ಗಾಜಿನ ಸ್ಥಿತಿ. ನಮ್ಮ ಕಡೆ ಇದು ಎಲ್ಲಕ್ಕಿಂತ ದೊಡ್ಡದು. ಐವತ್ತು ಅರವತ್ತು ವರ್ಷ ಹಳೆಯ ಲೆನ್ಸ್, ಒಳಗೆ ಹಳೆಯ ಗ್ರೀಸ್, ಹೊರಗೆ ಮಲೆನಾಡಿನದೋ ಕರಾವಳಿಯದೋ ಮಳೆಗಾಲ. ಫಂಗಸ್ ಬರುವುದಕ್ಕೆ ಇನ್ನೇನು ಬೇಕು? ಹೆಸರು ಎಷ್ಟೇ ದೊಡ್ಡದಿರಲಿ, ಮಂಜು ಕಟ್ಟಿದ ಲೈಕಾ ಸುಮ್ಮಿಕ್ರಾನ್‌ಗಿಂತ ತಿಳಿಯಾದ ಜುಪಿಟರ್ ಮೇಲು.

ಜುಪಿಟರ್-8, 50 ಎಂಎಂ ಎಫ್ 2

ಇದರ ಬೇರು ಜರ್ಮನಿಯಲ್ಲಿದೆ. 1930ರ ದಶಕದಲ್ಲಿ ಲುಡ್ವಿಗ್ ಬರ್ಟೆಲೆ ಎಂಬ ವಿನ್ಯಾಸಕಾರರು ಕಾಂಟಾಕ್ಸ್ ಕ್ಯಾಮೆರಾಗೆಂದು ಜೈಸ್ ಕಂಪನಿಯ ಸೊನಾರ್ ಲೆನ್ಸ್ ರೂಪಿಸಿದರು. ಆಗ ಗಾಜಿಗೆ ಕೋಟಿಂಗ್ (ಬೆಳಕು ಚದುರದಂತೆ ಬಳಿಯುವ ತೆಳು ಪದರ) ಇರಲಿಲ್ಲ. ಗಾಳಿ ಮತ್ತು ಗಾಜು ಸಂಧಿಸುವ ಪ್ರತಿ ಜಾಗದಲ್ಲೂ ಬೆಳಕು ಚದುರಿ ಚಿತ್ರ ಮಂಕಾಗುತ್ತಿತ್ತು. ಬರ್ಟೆಲೆ ಆರು ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಮೂರೇ ಗುಂಪು ಮಾಡಿದರು. ಬೆಳಕು ಚದುರುವ ಜಾಗ ಆರಕ್ಕೆ ಇಳಿಯಿತು. ಎರಡನೇ ಮಹಾಯುದ್ಧದ ನಂತರ ಜೈಸ್‌ನ ಯಂತ್ರ, ನಕ್ಷೆ, ಗಾಜು ಸೋವಿಯತ್ ಒಕ್ಕೂಟಕ್ಕೆ ಹೋದವು. ಅದೇ ವಿನ್ಯಾಸ ಅಲ್ಲಿ ಜುಪಿಟರ್ ಹೆಸರಿನಲ್ಲಿ ದಶಕಗಟ್ಟಲೆ ತಯಾರಾಯಿತು. ಹೆಚ್ಚಾಗಿ ಸಿಗುವುದು ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯದು.

ಕೈಯಲ್ಲಿ ಹಿಡಿದರೆ ಹಗುರ, ಅಲ್ಯೂಮಿನಿಯಂ ಮೈ. ಅಪರ್ಚರ್ ಉಂಗುರದಲ್ಲಿ ಕ್ಲಿಕ್ ಇಲ್ಲ, ಜಾರುತ್ತಾ ಹೋಗುತ್ತದೆ. ಫೋಕಸ್ ತಿರುಗಿಸಿದರೆ ಮುಂಭಾಗವೇ ತಿರುಗುತ್ತದೆ, ಅಪರ್ಚರ್ ಗುರುತುಗಳೂ ಜೊತೆಗೇ ಸುತ್ತುತ್ತವೆ. ಎಫ್ 4ರಲ್ಲಿ ಇಟ್ಟಿದ್ದೆ ಅಂದುಕೊಂಡು ನೋಡಿದರೆ ಬೆರಳು ತಾಗಿ 2.8ಕ್ಕೆ ಸರಿದಿರುತ್ತದೆ. ರೂಢಿಯಾಗುವವರೆಗೆ ಇದೊಂದು ಕಿರಿಕಿರಿ.

ಆದರೆ ಚಿತ್ರ! ಗಾಂಧಿ ಬಜಾರಿನಲ್ಲಿ ಬೆಳಗ್ಗೆ ಹೂವಿನ ಬುಟ್ಟಿಗಳ ಮುಂದೆ ನಿಂತು ಎಫ್ 2ರಲ್ಲಿ ತೆಗೆದು ನೋಡಿ. ಕಟ್ಟುವವರ ಬೆರಳು, ಕನಕಾಂಬರದ ದಂಡೆ ತಿಳಿಯಾಗಿ ನಿಲ್ಲುತ್ತದೆ. ಹಿಂದಿನ ಬೀದಿ, ಆಟೋ, ಜನ ಎಲ್ಲ ಗಡಿಬಿಡಿಯಿಲ್ಲದೆ ಮೆತ್ತಗೆ ಕರಗುತ್ತದೆ. ಈ ಗುಣ ಫೋನಿನ ಪರದೆಯಲ್ಲೂ ಹಾಗೇ ಉಳಿಯುತ್ತದೆ. ಸೂರ್ಯ ಎದುರಿಗೆ ಬಂದರೆ ಮಾತ್ರ ಕಾಂಟ್ರಾಸ್ಟ್ ಇಳಿದು ಇಡೀ ಚಿತ್ರದ ಮೇಲೆ ತೆಳು ಬಿಳುಪು ಕೂರುತ್ತದೆ. ಅದನ್ನೇ ಬಯಸುವವರು ಇದ್ದಾರೆ. ಬೇಡದವರು ಓರೆ ಬೆಳಕು ತಡೆಯುವ, 40.5 ಎಂಎಂ ಅಳತೆಯ ಒಂದು ಹುಡ್ ಹಾಕಿಕೊಳ್ಳಿ.

ಸೊನಾರ್ ವಿನ್ಯಾಸದ ಒಂದು ಸ್ವಭಾವ ತಿಳಿದಿರಬೇಕು. ಅಪರ್ಚರ್ ಕಿರಿದು ಮಾಡಿದಾಗ ಫೋಕಸ್ ಬಿಂದು ಸ್ವಲ್ಪ ಸರಿಯುತ್ತದೆ. ಎಫ್ 2ರಲ್ಲಿ ಫೋಕಸ್ ಮಾಡಿ 4ಕ್ಕೆ ತಿರುಗಿಸಿ ಒತ್ತಬೇಡಿ. ಯಾವ ಅಪರ್ಚರಿನಲ್ಲಿ ತೆಗೆಯುತ್ತೀರೋ ಅದರಲ್ಲೇ ಫೋಕಸ್ ಮಾಡಿ. ಇನ್ನೊಂದು ವಿಷಯ: ಲೈಕಾ ಫಿಲ್ಮ್ ಕ್ಯಾಮೆರಾದಲ್ಲಿ ಸೋವಿಯತ್ ಲೆನ್ಸುಗಳ ಫೋಕಸ್ ಹತ್ತಿರದಲ್ಲಿ ತಪ್ಪುತ್ತದೆ ಎಂಬ ದೂರು ನಿಜ. ಎರಡರ ಅಳತೆಯ ಲೆಕ್ಕ ಸ್ವಲ್ಪ ಬೇರೆ. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಕಂಡದ್ದನ್ನೇ ನೀವು ನೋಡುವುದರಿಂದ ಆ ತೊಂದರೆ ಇಲ್ಲ.

ಬೆಲೆ ಸಾಮಾನ್ಯವಾಗಿ ಐದಾರು ಸಾವಿರದ ಆಸುಪಾಸು. ಹೊರದೇಶದಿಂದ ತರಿಸಿದರೆ ಅಂಚೆ ಖರ್ಚು, ಸುಂಕ ಬೇರೆ. ಕೊಳ್ಳುವಾಗ ಹೆಸರು ಸರಿಯಾಗಿ ಓದಿ. ಜುಪಿಟರ್-8ಎಂ ಅಂತ ಇದ್ದರೆ ಅದು ಬಹುತೇಕ ಸೋವಿಯತ್ ಕೀವ್ ಕ್ಯಾಮೆರಾದ ಬಯೊನೆಟ್ ಲೆನ್ಸ್, ತಿರುಪಿಲ್ಲದೆ ಸಿಕ್ಕಿಸುವಂಥದ್ದು. ಅದಕ್ಕೆ ಫೋಕಸ್ ಮಾಡುವ ಭಾಗ ಕ್ಯಾಮೆರಾದಲ್ಲೇ ಇರುತ್ತದೆ. ಹಾಗಾಗಿ ಅದರ ಅಡಾಪ್ಟರ್ ಬೇರೆ, ದುಬಾರಿಯೂ ಹೌದು.

ಮುಖ ತೆಗೆಯುವವರಿಗೆ, ಹಳೆಯ ಲೆನ್ಸಿನ ರುಚಿ ಮೊದಲ ಬಾರಿ ನೋಡುವವರಿಗೆ ನಾನು ಹೇಳುವುದು ಇದನ್ನೇ.

ಇಂಡಸ್ಟಾರ್-61 ಎಲ್/ಡಿ, 55 ಎಂಎಂ ಎಫ್ 2.8

ಖಾರ್ಕಿವ್‌ನ ಫೆಡ್ ಕಾರ್ಖಾನೆಯ ಕ್ಯಾಮೆರಾಗಳ ಜೊತೆ ಬರುತ್ತಿದ್ದ ಲೆನ್ಸ್. ಜೈಸ್ ಕಂಪನಿಯ ಟೆಸ್ಸಾರ್ ಮಾದರಿಯ ನಾಲ್ಕೇ ಗಾಜು, ಅದರಲ್ಲಿ ಲ್ಯಾಂಥನಮ್ ಬೆರೆತ ಗಾಜು. ಇವೆಲ್ಲದರಲ್ಲಿ ಅಗ್ಗ. ಆದರೂ ಎಫ್ 5.6ರಲ್ಲಿ ಬಹಳ ಶಾರ್ಪ್. ಜುಪಿಟರಿಗಿಂತ ಕಾಂಟ್ರಾಸ್ಟ್ ಜಾಸ್ತಿ, ಎದುರು ಬೆಳಕಿನಲ್ಲೂ ಹೆಚ್ಚು ಅಳುಕುವುದಿಲ್ಲ. ಹಗಲು ಬೀದಿ, ಸಂತೆ, ಕಟ್ಟಡ ತೆಗೆಯುವ ಕಾಲೇಜು ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಹಿನ್ನೆಲೆ ಮಾತ್ರ ಜುಪಿಟರಿನಷ್ಟು ಕರಗುವುದಿಲ್ಲ.

ಹಿನ್ನೆಲೆಯ ದೀಪಗಳು ನಕ್ಷತ್ರದ ಆಕಾರಕ್ಕೆ ಬರುವ ಫೋಟೋ ನೋಡಿ ಇದನ್ನು ಹುಡುಕುವವರು ಇದ್ದಾರೆ. ಆ ಲೆನ್ಸ್ ಬೇರೆ. ಅದು ಇಂಡಸ್ಟಾರ್-61 ಎಲ್/ಝಡ್, ಎಸ್‌ಎಲ್‌ಆರ್‌ಗೆ ಮಾಡಿದ ಎಂ42 ಎಂಬ ಬೇರೆ ಮೌಂಟಿನದು.

ಕ್ಯಾನನ್ 50 ಎಂಎಂ ಎಫ್ 1.8 ಮತ್ತು 1.4

1950ರ ದಶಕದಲ್ಲಿ ಜಪಾನಿನವರು ಲೈಕಾ ಸ್ಕ್ರೂ ಮೌಂಟಿಗೆ ಮಾಡಿದ ಲೆನ್ಸುಗಳು ಜಗತ್ತಿನ ಕಣ್ಣು ತೆರೆಸಿದವು. ಲೈಫ್ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ 1950ರಲ್ಲಿ ಟೋಕಿಯೊದಲ್ಲಿ ನಿಕಾನ್ ಕಂಪನಿಯ ನಿಕ್ಕೋರ್ ಲೆನ್ಸ್ ನೋಡಿ ಮೆಚ್ಚಿ, ಕೊರಿಯಾ ಯುದ್ಧಕ್ಕೆ ಅದನ್ನೇ ಒಯ್ದರು. ಆಮೇಲೆ ಪತ್ರಿಕಾ ಛಾಯಾಗ್ರಾಹಕರು ಜಪಾನಿನ ಕಡೆ ತಿರುಗಿದರು. ಕ್ಯಾನನ್ ಬೆಳೆದದ್ದೂ ಅದೇ ಕಾಲದಲ್ಲಿ.

1.8 ಲೆನ್ಸಿನಲ್ಲಿ ನಾಲ್ಕು ಗುಂಪಿನ ಆರು ಗಾಜು. ಕೈಗೆ ಸಿಕ್ಕಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ಲೋಹ ಗಟ್ಟಿ, ಉಂಗುರ ನುಣುಪು, ಅಪರ್ಚರ್ ಕ್ಲಿಕ್ ಸ್ಪಷ್ಟ. ಫೋಟೋ ಹಳೆಯ ಲೆನ್ಸಿನದು ಅಂತ ತಿಳಿಯುವಷ್ಟು ಮೆದು, ಕೆಲಸಕ್ಕೆ ನಂಬಬಹುದಾದಷ್ಟು ಶಾರ್ಪ್. ಜುಪಿಟರ್ ಒಂದೊಂದು ಒಂದೊಂದು ತರ ಇರುತ್ತದೆ. ಕ್ಯಾನನ್ ಹಾಗಲ್ಲ, ಗಾಜು ತಿಳಿಯಾಗಿದ್ದರೆ ಎಲ್ಲವೂ ಹತ್ತಿರ ಹತ್ತಿರ ಒಂದೇ ಮಟ್ಟ.

"ಗಾಜು ತಿಳಿಯಾಗಿದ್ದರೆ" ಅಂದೆನಲ್ಲ, ತೊಂದರೆ ಅಲ್ಲೇ ಇದೆ. ಈ 1.8ಕ್ಕೆ ಅಪರ್ಚರ್ ಪಕ್ಕದ ಒಳಗಾಜಿನ ಮೇಲೆ ಮಂಜು ಕಟ್ಟುವ ಕಾಯಿಲೆ ಇದೆ. ಮೊದಮೊದಲು ಒರೆಸಿದರೆ ಹೋಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಗಾಜನ್ನೇ ಕೊರೆದುಬಿಡುತ್ತದೆ, ಆಮೇಲೆ ಯಾವ ರಿಪೇರಿಯೂ ಇಲ್ಲ. 1957ರಲ್ಲಿ ಬಂದ 1.4ಕ್ಕೆ ಈ ಕಾಟ ಕಡಿಮೆ. ಬೆಳಕೂ ಜಾಸ್ತಿ. ರಾತ್ರಿಯ ಯಕ್ಷಗಾನ ಬಯಲಾಟಕ್ಕೆ ಹೇಳಿಮಾಡಿಸಿದ ಹಾಗಿದೆ. ಕಿರೀಟದ ಮಿಂಚು, ಮುಖವರ್ಣಿಕೆಯ ಕೆಂಪು ಎರಡೂ ಉಳಿಯುತ್ತವೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಅಂಕಿ) ಸಿಕ್ಕಾಪಟ್ಟೆ ಏರಿಸುವ ಅಗತ್ಯ ಬೀಳುವುದಿಲ್ಲ. ಚೌಕಟ್ಟಿನೊಳಗೆ ಬರಿ ಬಲ್ಬ್ ಬಂದರೆ ಅದರ ಸುತ್ತ ಪ್ರಭೆ ಹಬ್ಬುತ್ತದೆ. ರಂಗಸ್ಥಳದ ಓರೆಯಲ್ಲಿ ಕೂತರೆ ಅದನ್ನು ತಪ್ಪಿಸಬಹುದು.

ಬೆಲೆ 1.8ಕ್ಕೆ ಹದಿನೈದರಿಂದ ಇಪ್ಪತ್ತು ಸಾವಿರ, 1.4ಕ್ಕೆ ಅದಕ್ಕಿಂತ ಮೇಲೆ. ರಾತ್ರಿ ಕೆಲಸ ಇರುವವರು, ಒಂದೇ ಲೆನ್ಸ್ ಕೊಂಡು ಬಹಳ ಕಾಲ ಇಟ್ಟುಕೊಳ್ಳುವವರು 1.4ರ ಕಡೆ ಹೋಗಿ. ಊಟ ತಿಂಡಿ, ಹೂವು, ಕೈಕೆಲಸ ಹತ್ತಿರದಿಂದ ತೆಗೆಯುವವರಿಗೆ ಅದೇ ಕಾಲದ ನಿಕ್ಕೋರ್ 50 ಎಂಎಂ 1.4 ಒಳ್ಳೆಯದು. ಅದು ಸುಮಾರು 45 ಸೆಂಟಿಮೀಟರಿನವರೆಗೂ ಹತ್ತಿರ ಬರುತ್ತದೆ.

ಲೈಕಾ ಎಲ್ಮಾರ್ 50 ಎಂಎಂ ಎಫ್ 3.5

ಲೈಕಾ ಹೆಸರಿನ ಆಸೆ ಇರುವವರಿಗೆ ಒಳಹೋಗುವ ಬಾಗಿಲು ಇದು. ಮ್ಯಾಕ್ಸ್ ಬೆರೆಕ್ ವಿನ್ಯಾಸ, 1920ರ ದಶಕದ ಮೊದಮೊದಲ ಲೈಕಾಗಳ ಜೊತೆ ಬಂದದ್ದು. ಒಳಗೆ ಮಡಚಿಕೊಳ್ಳುವ ಪುಟ್ಟ ಲೆನ್ಸ್. ಫೋಕಸ್‌ಗೆ ಒಂದು ಸಣ್ಣ ಹಿಡಿ, ದೂರದ ಗುರುತಿಗೆ ಬಂದರೆ ಟಕ್ ಅಂತ ಸಿಕ್ಕಿಕೊಳ್ಳುತ್ತದೆ. ಅಪರ್ಚರ್ ತಿರುಗಿಸುವ ಜಾಗ ಲೆನ್ಸಿನ ಮುಖದಲ್ಲೇ, ಮುಂದಿನ ಗಾಜಿನ ಸುತ್ತ ಇದೆ. ಹಳೆಯವುಗಳಲ್ಲಿ ಅಂಕಿಗಳೂ ಬೇರೆ: 3.5, 4.5, 6.3, 9, 12.5, 18. ಬದಲಾಯಿಸಬೇಕಾದರೆ ಕ್ಯಾಮೆರಾ ತಿರುಗಿಸಿ ಲೆನ್ಸಿನ ಮುಖ ನೋಡಬೇಕು. ನಿಧಾನದ ಲೆನ್ಸ್.

ಎರಡನೇ ಮಹಾಯುದ್ಧಕ್ಕೆ ಮುಂಚಿನವಕ್ಕೆ ಕೋಟಿಂಗ್ ಇಲ್ಲ, ಕಾಂಟ್ರಾಸ್ಟ್ ತೀರಾ ಕಡಿಮೆ. ಇದನ್ನು ಕೊರತೆ ಅನ್ನುವ ಮುಂಚೆ ಮಟಮಟ ಮಧ್ಯಾಹ್ನ ಹಳೇಬೀಡಿನ ಗೋಡೆಯ ಮುಂದೆ ನಿಲ್ಲಿಸಿ ನೋಡಿ. ಆ ಬಿಸಿಲಿಗೆ ಬಳಪದ ಕಲ್ಲಿನ ಕೆತ್ತನೆಯಲ್ಲಿ ನೆರಳು ಕಪ್ಪಗೆ ಮುಚ್ಚಿಕೊಳ್ಳುತ್ತದೆ. ಕೋಟಿಂಗ್ ಇಲ್ಲದ ಗಾಜಿನೊಳಗೆ ಚದುರಿದ ಬೆಳಕು ಆ ನೆರಳನ್ನು ತುಸು ಎತ್ತುತ್ತದೆ. ಶಿಲ್ಪದ ಕೊರಳ ಕೆಳಗಿನ ಸರ, ಆನೆಸಾಲಿನ ಕಾಲ ನಡುವಿನ ಕೆತ್ತನೆ ಕಾಣತೊಡಗುತ್ತದೆ. ಕಪ್ಪು ಬಿಳುಪಿಗೆ ತಿರುಗಿಸಿದರೆ ಇನ್ನೂ ಚೆನ್ನ. ದೇವಸ್ಥಾನ, ಹಳೆಯ ಮನೆ, ಕಪ್ಪು ಬಿಳುಪು, ಅವಸರವಿಲ್ಲದ ಕೆಲಸ: ಇವು ನಿಮ್ಮವಾದರೆ ಎಲ್ಮಾರ್ ನಿಮ್ಮದು. ಮಕ್ಕಳ ಹಿಂದೆ ಓಡುವವರಿಗೆ ಬೇಡ. ಒಳಾಂಗಣಕ್ಕೂ ಬೇಡ.

ಎರಡು ಎಚ್ಚರಿಕೆ. ಡಿಜಿಟಲ್ ಕ್ಯಾಮೆರಾಗೆ ಹಾಕಿದಾಗ ಮಡಚುವ ಲೆನ್ಸನ್ನು ಒಳಗೆ ತಳ್ಳಬೇಡಿ, ಒಳಗಿನ ಭಾಗಕ್ಕೆ ತಗಲಬಹುದು. ಮತ್ತೆ, ಫೆಡ್, ಜೋರ್ಕಿ ಕ್ಯಾಮೆರಾಗಳ ಮೇಲೆ ಲೈಕಾ ಹೆಸರು ಕೊರೆದು, ಅವುಗಳ ಲೆನ್ಸಿಗೆ ಎಲ್ಮಾರ್ ಅಂತ ಬರೆದು ಮಾರುವುದು ಬಹಳ ಹಳೆಯ ದಂಧೆ. ಚಿನ್ನದ ಬಣ್ಣ, ಹದ್ದಿನ ಮುದ್ರೆ ಕಂಡರೆ ಕೈಹಾಕಬೇಡಿ.

1953ರ ನಂತರದ ಸುಮ್ಮಿಕ್ರಾನ್ 50 ಎಂಎಂ ಎಫ್ 2 ಇವೆಲ್ಲಕ್ಕಿಂತ ಉತ್ತಮ ಲೆನ್ಸ್, ಅದರಲ್ಲಿ ಅನುಮಾನವೇ ಇಲ್ಲ. ದೊಡ್ಡ ಪ್ರಿಂಟ್ ಹಾಕುವವರು ಕೊಳ್ಳಲಿ. 1080 ಪಿಕ್ಸೆಲಿನಲ್ಲಿ ಅದನ್ನೂ ಒಳ್ಳೆಯ ಕ್ಯಾನನ್ ಅನ್ನೂ ಬೇರೆ ಮಾಡಿ ತೋರಿಸುವುದು ಬಹಳ ಕಷ್ಟ. ಆ ಅಂತರದ ದುಡ್ಡಿನಲ್ಲಿ ಕರ್ನಾಟಕ ಅರ್ಧ ಸುತ್ತಬಹುದು, ಅಲ್ವಾ?

35 ಎಂಎಂ ಬೇಕಾದರೆ

ಹಳೆಯ ವೈಡ್ ಲೆನ್ಸುಗಳು ಡಿಜಿಟಲ್‌ಗೆ ಅಷ್ಟಾಗಿ ಹೊಂದುವುದಿಲ್ಲ. ಹಿಂದಿನ ಗಾಜು ಸೆನ್ಸರಿಗೆ ಹತ್ತಿರ, ಬೆಳಕು ಓರೆಯಾಗಿ ಬೀಳುತ್ತದೆ. ಸೆನ್ಸರ್ ಮೇಲಿನ ಗಾಜಿನ ಪದರ ದಪ್ಪ ಇದ್ದರೆ ಅಂಚು ಕದಡಿದಂತಾಗುತ್ತದೆ, ಕೆಲವೊಮ್ಮೆ ಬಣ್ಣವೂ ತಿರುಗುತ್ತದೆ. ಇದು ಮಾತ್ರ ಫೋನಿನಲ್ಲೂ ಕಾಣುತ್ತದೆ. ಜುಪಿಟರ್-12ರ ಹಿಂಗಾಜು ಬಹಳ ಒಳಗೆ ಚಾಚಿಕೊಂಡಿದೆ, ಕೆಲವು ಕ್ಯಾಮೆರಾಗಳ ಒಳಗೆ ತಗಲುವ ಅಪಾಯವೂ ಉಂಟು. ನಿಮ್ಮದೇ ಮಾಡೆಲ್ ಕ್ಯಾಮೆರಾದಲ್ಲಿ ಯಾರಾದರೂ ತೆಗೆದ ಫೋಟೋ ನೋಡದೆ ಕೊಳ್ಳಬೇಡಿ. ಎಪಿಎಸ್-ಸಿ ಇರುವವರಿಗೆ ಅಂಚು ಹೇಗೂ ಕತ್ತರಿಸಿ ಹೋಗುವುದರಿಂದ ತೊಂದರೆ ಕಡಿಮೆ.

ಅಡಾಪ್ಟರ್ ಮತ್ತು ಸೆಟ್ಟಿಂಗ್

ಸ್ಕ್ರೂ ಮೌಂಟಿನಿಂದ ನೇರ ನಿಮ್ಮ ಕ್ಯಾಮೆರಾಗೆ ಅಡಾಪ್ಟರ್ ಅಗ್ಗ. ಆದರೂ ನನ್ನ ಒಲವು ಎರಡು ಹಂತದ ಕಡೆ. ಲೆನ್ಸಿಗೆ ಒಂದು ಎಂಎಂ ದಪ್ಪದ ಸ್ಕ್ರೂ-ಟು-ಎಂ ಉಂಗುರ ಹಾಕಿ, ಆಮೇಲೆ ಹೆಲಿಕಾಯ್ಡ್ ಇರುವ ಎಂ ಅಡಾಪ್ಟರ್ ಹಾಕಿ. ಹೆಲಿಕಾಯ್ಡ್ ತಿರುಗಿಸಿದರೆ ಇಡೀ ಲೆನ್ಸ್ ಮುಂದೆ ಬರುತ್ತದೆ. ಒಂದು ಮೀಟರಿನ ಮಿತಿ ಅರ್ಧ ಮೀಟರಿನ ಹತ್ತಿರಕ್ಕೆ ಇಳಿಯುತ್ತದೆ. ಸ್ವಲ್ಪ ಜಾಸ್ತಿ ಖರ್ಚು, ಆದರೆ ಜುಪಿಟರಿನಂಥ ಲೆನ್ಸಿನ ಉಪಯೋಗ ಎರಡರಷ್ಟಾಗುತ್ತದೆ.

ಕ್ಯಾಮೆರಾದಲ್ಲಿ "ಲೆನ್ಸ್ ಇಲ್ಲದೆ ಶಟರ್" ಅನ್ನುವ ಆಯ್ಕೆ ಆನ್ ಮಾಡಿ. ಸ್ಟೆಬಿಲೈಸೇಷನ್ ಇದ್ದರೆ ಫೋಕಲ್ ಲೆಂತ್ (50 ಎಂಎಂ ಥರದ ಅಂಕಿ) ಕೈಯಾರೆ ತುಂಬಿ. ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್ ಒಂದನ್ನೇ ನಂಬಬೇಡಿ. ಮುಖಕ್ಕೆ ಫೋಕಸ್ ಮಾಡುವಾಗ ಚಿತ್ರ ಹಿಗ್ಗಿಸಿ ಕಣ್ರೆಪ್ಪೆ ನೋಡಿ.

ಎಲ್ಲಿ ಹಂಚಿಕೊಳ್ಳುವುದು

ಹಂಚುವ ಜಾಗಗಳಲ್ಲೂ ಆಯ್ಕೆ ಮಾಡಬೇಕು. ಹೆಚ್ಚು ಜನ ನೋಡಬೇಕೆಂದರೆ ಇನ್‌ಸ್ಟಾಗ್ರಾಮ್. ಉದ್ದ ಚಿತ್ರವಾದರೆ 1080 ಅಗಲ, 1350 ಎತ್ತರಕ್ಕೆ ನೀವೇ ಇಳಿಸಿ, ಕುಗ್ಗಿಸಿದ ಮೇಲೆ ತುಸು ಶಾರ್ಪನಿಂಗ್ ಕೊಟ್ಟು ಹಾಕಿ. ಅವರ ಕೈಗೆ 6000 ಪಿಕ್ಸೆಲ್ ಕೊಟ್ಟರೆ ಕುಗ್ಗಿಸುವ ಕೆಲಸ ಅವರಿಗೆ ಬಿಟ್ಟ ಹಾಗೆ. ಬಣ್ಣ ಎಸ್‌ಆರ್‌ಜಿಬಿಯಲ್ಲೇ ಇರಲಿ, ಇಲ್ಲದಿದ್ದರೆ ಕೆಲವು ಪರದೆಗಳಲ್ಲಿ ಕನಕಾಂಬರ ಬಾಡಿದ ಹಾಗೆ ಕಾಣುತ್ತದೆ.

ಲೆನ್ಸುಗಳನ್ನು ಹೋಲಿಸುವ ಜನರ ನಡುವೆ ಇರಬೇಕೆಂದರೆ ಫ್ಲಿಕರ್. ದೊಡ್ಡ ಫೈಲು ನಿಲ್ಲುತ್ತದೆ, ಲೆನ್ಸಿನ ಹೆಸರಲ್ಲೇ ಗುಂಪುಗಳಿವೆ. ಕೊಳ್ಳುವ ಮುಂಚೆ ಮಾದರಿ ಚಿತ್ರ ನೋಡುವುದಕ್ಕೂ ಇದೇ ಒಳ್ಳೆಯ ಜಾಗ. ದುಡ್ಡು ಕೊಡದ ಖಾತೆಗೆ 1000 ಚಿತ್ರದ ಮಿತಿ ಇದೆ.

ದೇವಸ್ಥಾನ, ಜಾತ್ರೆ, ಹಳೆಯ ಕಟ್ಟಡ ತೆಗೆಯುವವರು ವಿಕಿಮೀಡಿಯ ಕಾಮನ್ಸ್ ಕಡೆಗೂ ನೋಡಿ. ಅಲ್ಲಿ ಹಾಕಿದ ಚಿತ್ರ ಕನ್ನಡ ವಿಕಿಪೀಡಿಯದ ಲೇಖನಕ್ಕೆ ನೇರ ಸೇರಬಹುದು. ನಿಮ್ಮ ಊರಿನ ಗುಡಿಯ ಬಗ್ಗೆ ಓದುವ ಮಗುವಿಗೆ ನಿಮ್ಮ ಫೋಟೋ ಸಿಗುತ್ತದೆ. ಆದರೆ ಅಲ್ಲಿ ಕೊಡುವ ಪರವಾನಗಿ ಮುಕ್ತ. ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಕೊಟ್ಟ ಮೇಲೆ ಹಿಂದೆ ಪಡೆಯುವಂತಿಲ್ಲ. ಮಾರುವ ಯೋಚನೆ ಇರುವ ಚಿತ್ರ ಅಲ್ಲಿ ಬೇಡ. ಮನೆಯವರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಚಿತ್ರ ಕೆಡುವುದಿಲ್ಲ.

ಎಲ್ಲಿ ಹಾಕಿದರೂ ಲೆನ್ಸಿನ ಹೆಸರು, ಅಪರ್ಚರ್ ನೀವೇ ಬರೆಯಬೇಕು. ಹಳೆಯ ಲೆನ್ಸ್ ಕ್ಯಾಮೆರಾಗೆ ಏನೂ ಹೇಳುವುದಿಲ್ಲ, ಹಾಗಾಗಿ ಫೈಲಿನಲ್ಲಿ ಆ ಮಾಹಿತಿ ಇರುವುದಿಲ್ಲ. ಮನೆಯ, ಮಕ್ಕಳ ಚಿತ್ರವಾದರೆ ಜಾಗದ ಮಾಹಿತಿ ತೆಗೆದು ಹಾಕಿ. ತೆಗೆಯುವಾಗ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇಟ್ಟುಕೊಳ್ಳಿ. ಕಾಂಟ್ರಾಸ್ಟ್ ಕಡಿಮೆ ಇರುವ ಲೆನ್ಸಿನ ಚಿತ್ರವನ್ನು ಆಮೇಲೆ ಎತ್ತುವುದು ಸುಲಭ. ಆದರೆ ಅತಿಯಾಗಿ ಎತ್ತಿದರೆ ಹೊಸ ಲೆನ್ಸಿನ ಹಾಗೇ ಕಾಣುತ್ತದೆ, ಹಳೆಯದು ಕೊಂಡು ಏನು ಬಂತು?

ದುಡ್ಡು ಕೊಡುವ ಮುಂಚೆ

ಲೆನ್ಸನ್ನು ಹೊಗಳುವ ಮಾತು ಮಾರುವವರಿಗೆ ಸುಲಭ, "ಮಿಂಟ್ ಕಂಡೀಷನ್" ಅಂತ ಎಲ್ಲರೂ ಬರೆಯುತ್ತಾರೆ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಫೋನಿನ ಟಾರ್ಚ್ ಓರೆಯಾಗಿ ಹಿಡಿದು ತೆಗೆದ ಫೋಟೋ ಕೇಳಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಇಡೀ ಗಾಜು ಹಾಲು ಹಾಲಾಗಿ ಕಂಡರೆ ಮಂಜು. ಮುಂದಿನ ಗಾಜಿನ ಮೇಲಿನ ಒಂದೆರಡು ಗೀರು ಚಿಂತೆಯಿಲ್ಲ, ಚಿತ್ರದಲ್ಲಿ ಬರುವುದಿಲ್ಲ. ಫೋಕಸ್ ಉಂಗುರ ಕೊನೆಯಿಂದ ಕೊನೆಗೆ ತಿರುಗುವ ವಿಡಿಯೊ ಕೇಳಿ. ಗ್ರೀಸ್ ಗಟ್ಟಿಯಾಗಿದ್ದರೆ ಸರ್ವಿಸ್ ಖರ್ಚನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಬ್ಲೇಡಿನ ಮೇಲೆ ಎಣ್ಣೆ ಇದ್ದರೂ ನಡೆಯುತ್ತದೆ, ಇಲ್ಲಿ ಅಪರ್ಚರ್ ಕೈಯಲ್ಲೇ ತಿರುಗುವುದು.

ಮನೆಗೆ ಬಂದ ಮೇಲೆ ಚರ್ಮದ ಕೇಸಿನಲ್ಲಿ ಇಡಬೇಡಿ, ಅದು ತೇವ ಹಿಡಿಯುತ್ತದೆ. ಡ್ರೈ ಕ್ಯಾಬಿನೆಟ್ ಇಲ್ಲದಿದ್ದರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ.

ಕೇಳಿದ ಫೋಟೋ ಕಳಿಸದ, ವಾಪಸ್ ತಗೊಳ್ಳುವುದಿಲ್ಲ ಅನ್ನುವ ಮಾರಾಟಗಾರರ ಹತ್ತಿರ ಕೊಸರಾಡಬೇಡಿ. ಜುಪಿಟರ್-8, ಇಂಡಸ್ಟಾರ್-61 ಲಕ್ಷಗಟ್ಟಲೆ ತಯಾರಾದ ಲೆನ್ಸುಗಳು, ಕ್ಯಾನನ್ 50 ಕೂಡ ಅಪರೂಪದ್ದಲ್ಲ. ಮುಂದಿನ ವಾರ ಇನ್ನೊಂದು ಬರುತ್ತದೆ.